ನಾನೊಂದು ಕಂಪ್ಯೂಟರು ಕಟ್ಟಿದ ಪ್ರಸಂಗ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಆ ಗಾದೆ ಹುಟ್ಟಿದ ಕಾಲದಲ್ಲಿ ಕಂಪ್ಯೂಟರು ಇರಲಿಲ್ಲ. ಇದ್ದಿದ್ದರೆ 'ಕಂಪ್ಯೂಟರು ಕಟ್ಟಿ ನೋಡು' ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸದೆ ಬಿಡುತ್ತಿರಲಿಲ್ಲವೆಂದು ನನ್ನ ನಂಬಿಕೆ. ಮದುವೆಯ ಅನುಭವ ನನಗಿನ್ನೂ ಆಗಿಲ್ಲ. ನಮ್ಮ ಮನೆಯನ್ನು ಕಟ್ಟಿದವರು ನಮ್ಮ ತಾತ. ಆದಕಾರಣ ನಾನು ಅನುಭವದಿಂದ ಮಾತನಾಡಬಹುದಾದದ್ದು ಮೂರನೆಯದನ್ನು ಕುರಿತು ಮಾತ್ರ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದರಿಂದ ಕಷ್ಟಗಳು ಹಲವಿದ್ದರೂ ಒಂದು ಅನುಕೂಲವುಂಟು. 'ಓದಿಗೆ ಬೇಕು' ಎಂದು ನಾನು ಕೇಳಿದ್ದನ್ನು ಬೇಡವೆನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಯಾವುದು ಓದಿಗೆ ಬೇಕು, ಯಾವುದು ಬೇಡ ಎಂಬುದನ್ನು ತಿಳಿದವನು ನಾನೊಬ್ಬನೇ ಎಂದು ಅವರು ನಂಬಿದ್ದಾರೆ. ಆ ನಂಬಿಕೆಯನ್ನು ನಾನು ಒಮ್ಮೆ ದುರುಪಯೋಗಪಡಿಸಿಕೊಂಡೆ. ಅದರ ಕಥೆಯೇ ಇದು.

ಪಟ್ಟಣದಲ್ಲಿರುವ ಸ್ನೇಹಿತನೊಬ್ಬನ ಕೋಣೆಯಲ್ಲಿ ನಾನು ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವನ್ನು ಆಡಿದೆ. ಮಳೆಯಲ್ಲಿ ಒರೆಸುವ ಕಡ್ಡಿ ಅತ್ತಿಂದಿತ್ತ ಆಡುತ್ತಿತ್ತು. ರಸ್ತೆ ಮುಂದೆ ಮುಂದೆ ಹೋಗುತ್ತಿತ್ತು. ಅಂದಿನಿಂದ ನನಗೆ ಅದೇ ಧ್ಯಾನ. ಆಟಕ್ಕೆ ಒದಗುವ ಸಿದ್ಧ ಲ್ಯಾಪ್‌ಟಾಪಿನ ಬೆಲೆ ಕೇಳಿದಾಗ ಆ ಮಾತನ್ನು ಅಲ್ಲಿಗೇ ಬಿಟ್ಟೆ. ಬಿಡಿಭಾಗಗಳನ್ನು ಕೊಂಡು ನಾವೇ ಜೋಡಿಸಿದರೆ ಅಗ್ಗವಾಗುತ್ತದೆಂದು ಆ ಸ್ನೇಹಿತನೇ ಹೇಳಿದ.

ಜೆರಾಕ್ಸ್ ಅಂಗಡಿಯಲ್ಲಿ ರಜೆಯ ದಿನಗಳಲ್ಲಿ ದುಡಿದು ಕೂಡಿಟ್ಟ 10,000 ರೂಪಾಯಿ ನನ್ನಲ್ಲಿತ್ತು. ಉಳಿದದ್ದಕ್ಕೆ ಅಪ್ಪನನ್ನು ಕೇಳಿದೆ. "ಓದಿಗೆ ಬೇಕೇನಪ್ಪ?" ಎಂದರು. "ಹೂಂ" ಎಂದೆ. ಅಪ್ಪ ಮರುಮಾತಾಡದೆ ಎರಡು ಟಗರುಗಳನ್ನು ಮಾರಿ 22,000 ರೂಪಾಯಿ ತಂದರು. ಆ ಟಗರುಗಳನ್ನು ಮರಿಯಿಂದ ಸಾಕಿದವಳು ಅಮ್ಮ. ಅಂದು ಸಂಜೆ ಅವಳು ಖಾಲಿಯಾದ ಗೂಟದ ಕಡೆಗೆ ಒಂದೆರಡು ಬಾರಿ ನೋಡಿದ್ದನ್ನು ನಾನು ಕಂಡೂ ಕಾಣದವನಂತೆ ಇದ್ದೆ.

ಕೊರತೆಯ ಸಾಧನಗಳಿಗೂ ಕೊನೆಯಿಲ್ಲದ ಬಯಕೆಗಳಿಗೂ ಇರುವ ಸಂಬಂಧವನ್ನು ಅಭ್ಯಾಸ ಮಾಡುವುದೇ ಅರ್ಥಶಾಸ್ತ್ರವೆಂದು ಲಯೊನೆಲ್ ರಾಬಿನ್ಸ್ 1932ರಲ್ಲಿ ನಿರೂಪಿಸಿದನೆಂಬುದನ್ನು ನಮ್ಮ ಅಧ್ಯಾಪಕರು ಪ್ರಥಮ ವರ್ಷದಲ್ಲಿಯೇ ಹೇಳಿಕೊಟ್ಟಿದ್ದರು. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದೆ. ಆದರೆ ಅದು ಅರ್ಥವಾದದ್ದು 32,000 ರೂಪಾಯಿಯ ಪಟ್ಟಿಯನ್ನು ಬರೆಯಲು ಕುಳಿತಾಗ. ಒಂದು ಬಾಬಿಗೆ 500 ಏರಿಸಿದರೆ ಇನ್ನೊಂದರಲ್ಲಿ 500 ಇಳಿಸಬೇಕು. ಅವಕಾಶ ವೆಚ್ಚವೆಂದರೆ ಇದೇ.

ಪಟ್ಟಿಯ ಮರ್ಮವನ್ನು ತಿಳಿಯದವರಿಗಾಗಿ ಎರಡು ಮಾತು. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದು ಪ್ರೊಸೆಸರು; ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡು. ಆಟಕ್ಕೆ ಎರಡನೆಯದೇ ಮುಖ್ಯ, ದುಬಾರಿಯೂ ಅದೇ. ಆದರೆ ಚಿತ್ರ ಬರೆಯುವ ಶಕ್ತಿಯನ್ನು ತನ್ನೊಳಗೇ ಅಡಗಿಸಿಕೊಂಡ ಕೆಲವು ಪ್ರೊಸೆಸರುಗಳುಂಟು. 2021ರಲ್ಲಿ ಬಂದ ರೈಜೆನ್ 5 5600ಜಿ ಎಂಬುದು ಅಂಥದು. ಅದರಲ್ಲಿ ಆರು ಕೋರುಗಳಿವೆ. ಪ್ರತ್ಯೇಕ ಕಾರ್ಡಿಲ್ಲದೆ ಹಳೆಯ ಆಟಗಳನ್ನೂ ಹಗುರವಾದ ಹೊಸ ಆಟಗಳನ್ನೂ ಅದು ಆಡಿಸಬಲ್ಲದು. ಮುಂದೆ ಹಣ ಬಂದಾಗ ಕಾರ್ಡನ್ನು ಸೇರಿಸಿಕೊಳ್ಳಲೂಬಹುದು. ಅದಕ್ಕಿಂತ ಹೊಸ ಪೀಳಿಗೆಯ ಮದರ್‌ಬೋರ್ಡುಗಳು 2022ರಲ್ಲಿ ಬಂದವು. ಅವಕ್ಕೆ ಡಿಡಿಆರ್5 ಜಾತಿಯ ರ‍್ಯಾಮೇ ಆಗಬೇಕು. ನನ್ನ ಹಣಕ್ಕೆ ಹಳೆಯ ಪೀಳಿಗೆಯೇ ಸರಿಯೆಂದು ನಿಶ್ಚಯಿಸಿದೆ.

ಇಂಥ ಪ್ರೊಸೆಸರಿಗೆ ಒಂದು ಗುಣವುಂಟು. ಚಿತ್ರ ಬರೆಯಲು ಅದಕ್ಕೆ ಸ್ವಂತ ನೆನಪಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳಬೇಕು. ಆದ್ದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. 3200ರ ವೇಗದ ಒಂದು ಪಟ್ಟಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿದರೆ ಎರಡರಿಂದ 51.2 ಜಿಬಿ ಹರಿಯುತ್ತದೆ. ಒಂದೇ ಬಾವಿಗೆ ಎರಡು ರಾಟೆ ಹಾಕಿದ ಹಾಗೆ.

ಇಷ್ಟೆಲ್ಲವನ್ನೂ ಮೊಬೈಲಿನಲ್ಲಿ ಓದಿ, 2025ರ ಜೂನ್ ತಿಂಗಳಿನಲ್ಲಿ ಪಟ್ಟಿ ಮಾಡಿದೆ. ಪ್ರೊಸೆಸರಿಗೆ 11,500, ಮದರ್‌ಬೋರ್ಡಿಗೆ 5,300, ರ‍್ಯಾಮಿಗೆ 3,000, ಎಸ್‌ಎಸ್‌ಡಿಗೆ 2,900, ಪವರ್ ಸಪ್ಲೈಗೆ 3,300, ಕ್ಯಾಬಿನೆಟ್ಟಿಗೆ 1,800, ಹಳೆಯ ಮಾನಿಟರಿಗೆ 3,500, ಕೀಬೋರ್ಡು ಮೌಸುಗಳಿಗೆ 700. ಕೂಡಿದರೆ ಸರಿಯಾಗಿ 32,000. ಆ ಕಾಗದವನ್ನು ಎಷ್ಟು ಸಲ ಮಡಿಸಿ ಬಿಡಿಸಿದೆನೆಂದರೆ ಮಡಿಕೆಯಲ್ಲಿ ಬಿದ್ದ ಅಂಕಿಗಳು ಅಳಿಸಿಯೇ ಹೋದವು.

ಟಗರು ಮಾರಿ ಹಣ ಕೈಸೇರುವ ಹೊತ್ತಿಗೆ ಡಿಸೆಂಬರು ಬಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದೆಂದು ಗೊತ್ತಾಯಿತು. "ಇಷ್ಟು ದುಡ್ಡಿಟ್ಕೊಂಡು ಒಬ್ನೇ ಹೋಗ್ಬೇಡ" ಎಂದು ಅಪ್ಪನೂ ಹೊರಟರು. ಬಿಳಿಯ ಪಂಚೆ, ಹೆಗಲ ಮೇಲೆ ಟವೆಲು. ಓದುಗರಲ್ಲಿ ಮುಚ್ಚುಮರೆಯೇಕೆ? ಅಪ್ಪ ಅಂಗಡಿಯಲ್ಲಿ ಬಾಯಿ ತೆರೆಯದಿದ್ದರೆ ಸಾಕೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಹರಕೆ ಹೊತ್ತಿದ್ದೆ.

ಎಸ್.ಪಿ. ರಸ್ತೆಯೆಂದರೆ ಒಂದು ಜಾತ್ರೆಯೇ ಸರಿ. ಒಂದರ ಮೇಲೊಂದು ಹೇರಿದ ಅಂಗಡಿಗಳು, ಮೆಟ್ಟಿಲಿನ ಕೆಳಗೂ ಅಂಗಡಿ, ಮೆಟ್ಟಿಲಿನ ಮೇಲೂ ಅಂಗಡಿ. ಒಂದರೊಳಕ್ಕೆ ಹೊಕ್ಕು ನನ್ನ ಪಟ್ಟಿಯನ್ನು ಕೊಟ್ಟೆ. ಅಂಗಡಿಯವರು ರ‍್ಯಾಮಿನ ಸಾಲಿನಲ್ಲಿ ಬೆರಳಿಟ್ಟು ನಕ್ಕರು. "ಇದು ಯಾವ ಕಾಲದ ರೇಟು? ಈಗ ಎರಡಕ್ಕೆ 7,000. ಎಸ್‌ಎಸ್‌ಡಿ 3,400."

ನನ್ನ ಎದೆ ಧಸಕ್ಕೆಂದಿತು. ಕಾರಣವನ್ನು ಅವರೇ ವಿವರಿಸಿದರು. ಲೋಕದ ರ‍್ಯಾಮಿನ ಬಹುಪಾಲನ್ನು ತಯಾರಿಸುವುವು ಮೂರೇ ಕಂಪನಿಗಳು: ದಕ್ಷಿಣ ಕೊರಿಯದವು ಎರಡು, ಅಮೆರಿಕದ್ದು ಒಂದು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಗಾರಗಳು ನೆನಪಿನ ಚಿಪ್ಪುಗಳನ್ನು ಕೇಳಿದ ಬೆಲೆಗೆ ಕೊಳ್ಳತೊಡಗಿದ ಮೇಲೆ 2025ರ ಕೊನೆಯಲ್ಲಿ ಸಾಮಾನ್ಯರ ರ‍್ಯಾಮಿನ ಬೆಲೆ ಗಗನಕ್ಕೇರಿತು. ನಮ್ಮೂರಿನ ಎರಡು ಟಗರುಗಳ ಬೆಲೆಯನ್ನು ಎಲ್ಲಿಯೋ ಕುಳಿತ ಯಾರೋ ತಮಗೆ ತಿಳಿಯದೆಯೇ ಕಚ್ಚಿಕೊಂಡು ಹೋದರು. ನನಗೀಗ 4,500 ರೂಪಾಯಿ ಸಾಲದು.

"ಗೇಮಿಗೆ ತಾನೆ? ಇದನ್ನು ನೋಡಿ" ಎಂದು ಅಂಗಡಿಯವರು ಗಾಜಿನ ಕಪಾಟಿನಿಂದ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡನ್ನು ತೆಗೆದರು. 2017ರ ಆರ್‌ಎಕ್ಸ್ 580, ಥಳಥಳ ಹೊಳೆಯುತ್ತಿತ್ತು. ಅಗ್ಗದ ಪ್ರೊಸೆಸರಿಗೆ ಇದನ್ನು ಸೇರಿಸಿದರೆ ಆಟ ಇನ್ನೂ ಚೆನ್ನಾಗಿ ಓಡುತ್ತದೆಂದರು. 'ಗೇಮು' ಎಂಬ ಮಾತು ಅಪ್ಪನ ಕಿವಿಗೆ ಬಿತ್ತು. ಅವರು ನನ್ನ ಮುಖವನ್ನು ನೋಡಲಿಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ವಯಸ್ಸು ಹೇಳುವವರು ಅವರು. "ಸ್ವಾಮಿ, ಇದು ಎಷ್ಟ್ ವರ್ಸ ಗೇಯ್ದೈತೆ?" ಎಂದು ಕೇಳಿದರು.

ನನಗೆ ನೆಲ ಬಾಯ್ಬಿಡಬಾರದೆ ಎನ್ನಿಸಿತು. ಆದರೆ ಅಂಗಡಿಯವರು ನಗಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, "ಅದು ಮೈನಿಂಗಿಂದ ಬಂದ ಮಾಲು, ಯಜಮಾನರೆ" ಎಂದು ಒಪ್ಪಿಕೊಂಡರು. ಎಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಜನ ಇಂಥ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ನಿಂತಾಗ ದುಡಿದು ದಣಿದ ಕಾರ್ಡುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದವು. ಇಷ್ಟನ್ನು ನಾನು ಓದಿದ್ದೆ. ಓದಿಯೂ ಹೊಳಪಿಗೆ ಮರುಳಾಗಿದ್ದೆ. "ಕೊಂಬು ಹೆರೆದು ಬಣ್ಣ ಬಳಿದವ್ರೆ" ಎಂದು ಅಪ್ಪ ಅದನ್ನು ಮೆಲ್ಲಗೆ ಗಾಜಿನ ಮೇಲಿಟ್ಟರು.

ಆಗ ಅಂಗಡಿಯವರು ಮತ್ತೊಂದು ಉಪಾಯ ಹೇಳಿದರು. ರ‍್ಯಾಮು ಒಂದೇ ಪಟ್ಟಿ ಸಾಕು, ಪವರ್ ಸಪ್ಲೈ 700 ರೂಪಾಯಿಯದು ಹಾಕೋಣ, ಹಣ ಉಳಿಯುತ್ತದೆ. ನಾನು ಒಪ್ಪುವವನೇ ಇದ್ದೆ. ಪವರ್ ಸಪ್ಲೈ ಕಣ್ಣಿಗೆ ಕಾಣುವ ವಸ್ತುವಲ್ಲ; ಅದರಿಂದ ಆಟದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. "ಅದೇನು ಮಾಡ್ತದೆ?" ಎಂದು ಅಪ್ಪ ಕೇಳಿದರು. ಮನೆಯ 230 ವೋಲ್ಟಿನ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಪ್ರತಿ ಭಾಗಕ್ಕೂ ಹಂಚುತ್ತದೆಂದೆ. ಅಪ್ಪ ತಲೆಯಲ್ಲಾಡಿಸಿದರು. ನಮ್ಮ ತೋಟದ ಪಂಪಿನ ಮೋಟರು ಎರಡು ಸಲ ಸುಟ್ಟಿದೆ. ಎರಡು ಸಲವೂ ವೈಂಡಿಂಗ್ ಮಾಡಿಸಿದ ಖರ್ಚು ಅವರ ನೆನಪಿನಲ್ಲಿತ್ತು. "ಮೋಟ್ರು ಸುಡೋದು ಕರೆಂಟಿಂದ್ಲೇ ಕಣಪ್ಪ. ಇದ್ರಲ್ಲಿ ಚೌಕಾಸಿ ಬ್ಯಾಡ."

ಲೆಕ್ಕ ಕೂಡಲಿಲ್ಲ. ಹೊರಗೆ ಬಂದು ಹೋಟೆಲೊಂದರ ಮುಂದೆ ನಿಂತು ಕಾಫಿ ಕುಡಿದೆವು. ಅಪ್ಪ ಲೋಟವನ್ನು ಕೆಳಗಿಟ್ಟು, "ಆಡೋಕಾ?" ಎಂದರು.

"ಹೂಂ."

"ಓದೋಕೆ ಅಂದ್ರೆ ಕೊಡ್ತಾರೆ, ಆಡೋಕೆ ಅಂದ್ರೆ ಕೊಡಾಕಿಲ್ಲ ಅಂದ್ಕೊಂಡ್ಯಾ?"

ನಾನು ಉತ್ತರ ಹೇಳಲಿಲ್ಲ. ಅಪ್ಪ ರಸ್ತೆಯ ಕಡೆಗೆ ನೋಡುತ್ತ, "ಕೊಡ್ತಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ಕೇಳಿದ್ರೆ ಗೊತ್ತಾಗ್ತಿತ್ತು" ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ, "ಈಗ ಎಷ್ಟು ಸಾಲದು ಹೇಳು" ಎಂದು ನನ್ನ ಪಟ್ಟಿಯನ್ನು ಕೇಳಿ, ಒಂದೊಂದು ಬಾಬನ್ನೂ ಓದಿಸಿದರು. ಮಾನಿಟರು ಎಂದರೇನೆಂದು ಹೇಳಿದಾಗ, "ಮನೇಲಿ ಟಿ.ವಿ. ಐತಲ್ಲ, ಅದಾಗಾಕಿಲ್ವಾ?" ಎಂದರು.

ಆಗುತ್ತದೆ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನಮ್ಮ ಟಿ.ವಿ.ಗೆ ಎಚ್‌ಡಿಎಂಐ ತಂತಿ ಚುಚ್ಚುವ ಕಿಂಡಿಯಿದೆ. ಆದರೆ ಟಿ.ವಿ. ಇರುವುದು ನಡುಮನೆಯಲ್ಲಿ. ಅಲ್ಲಿ ಕುಳಿತು ಆಡಿದರೆ ಎಲ್ಲರಿಗೂ ಕಾಣುತ್ತದೆ. ಮರೆಯಲ್ಲಿ ಆಡಬೇಕೆಂಬ ಒಂದೇ ಕಾರಣಕ್ಕೆ ನನ್ನ ಪಟ್ಟಿಯಲ್ಲಿ 3,500 ರೂಪಾಯಿಯ ಮಾನಿಟರು ಸೇರಿತ್ತು. ಸುಳ್ಳಿಗೂ ಒಂದು ಬೆಲೆಯಿದೆಯೆಂದೂ ಅದನ್ನು ನಾನು ಪಟ್ಟಿಯಲ್ಲಿಯೇ ಬರೆದಿದ್ದೆನೆಂದೂ ಆಗ ತಿಳಿಯಿತು.

ಮಾನಿಟರು ಹೋಯಿತು. 1,800ರ ಬದಲು 800 ರೂಪಾಯಿಯ ಕ್ಯಾಬಿನೆಟ್ಟಿಗೆ ಒಪ್ಪಿದೆ. 4,500 ಸರಿಹೋಯಿತು. ರ‍್ಯಾಮು ಎರಡು ಪಟ್ಟಿಯೇ ಉಳಿಯಿತು. ಪವರ್ ಸಪ್ಲೈ ಒಳ್ಳೆಯದೇ ಬಂತು. ಹಳೆಯ ಮದರ್‌ಬೋರ್ಡುಗಳು ಹೊಸ ಪ್ರೊಸೆಸರನ್ನು ಗುರುತಿಸದೆ ಇರುವುದುಂಟಾದ್ದರಿಂದ ಅದರ ಬಯಾಸನ್ನು ಅಂಗಡಿಯಲ್ಲಿಯೇ ಹೊಸದು ಮಾಡಿಸಿಕೊಂಡೆ. ಶೇಕಡಾ 18ರ ಜಿಎಸ್‌ಟಿ ಸೇರಿದ ಬಿಲ್ಲನ್ನು ಅಪ್ಪ ಕೇಳಿ ಪಡೆದರು. ರಶೀದಿಯಿಲ್ಲದೆ ಅವರು ಎತ್ತನ್ನೂ ಕೊಂಡವರಲ್ಲ.

ಮರುದಿನ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತೆ. ಆ ಪ್ರೊಸೆಸರಿನ ಅಡಿಯಲ್ಲಿ 1,331 ಸೂಜಿಗಳಿವೆ. ಒಂದು ಬಾಗಿದರೂ ಒಂದು ಟಗರು ಹೋದಂತೆ. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಹೊಂದಿಸಿ, ಉಸಿರು ಹಿಡಿದು ಅದನ್ನು ಇಳಿಬಿಟ್ಟೆ. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು; ಟಿ.ವಿ.ಯಲ್ಲಿ ಮಾತ್ರ 'ಸಿಗ್ನಲ್ ಇಲ್ಲ' ಎಂದು ಬಂತು. ಮೂರು ಗಂಟೆ ಬಿಚ್ಚಿದೆ, ಕಟ್ಟಿದೆ. ರಾತ್ರಿ ಹನ್ನೊಂದಾಯಿತು. ನನ್ನ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಅಪ್ಪ ಪಕ್ಕದಲ್ಲಿ ಟಾರ್ಚು ಹಿಡಿದು ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಕಡೆಗೆ ರ‍್ಯಾಮಿನ ಒಂದು ಪಟ್ಟಿ ಪೂರ್ತಿ ಕೂತಿಲ್ಲವೆಂದು ಕಂಡಿತು. ಹೆಬ್ಬೆರಳಿನಿಂದ ಒತ್ತಿದೆ, ಟಕ್ಕೆಂದಿತು, ಟಿ.ವಿ. ಬೆಳಗಿತು. "ಸೀರಿಯಲ್ಲು ಬತ್ತದಾ?" ಎಂದು ಅಮ್ಮ ಒಳಗಿನಿಂದ ಕೇಳಿದಳು.

ಈಗ ಅಮ್ಮನ ಧಾರಾವಾಹಿಗಳು ಮುಗಿದ ಮೇಲೆ ನನ್ನ ಸರದಿ. ನಾನು ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರಲ್ಲಿ ಬಂದ ಹಳೆಯ ಆಟವಾದ್ದರಿಂದ ನನ್ನ ಯಂತ್ರಕ್ಕೆ ಭಾರವಾಗುವುದಿಲ್ಲ. ಅಪ್ಪ ಗೋಡೆಗೊರಗಿ ನೋಡುತ್ತಾರೆ. "ಲೋಡು ಏನು?" ಎನ್ನುತ್ತಾರೆ. ತಿರುವಿನಲ್ಲಿ "ಬ್ರೇಕು ಮೊದ್ಲೇ ಹಿಡಿ" ಎನ್ನುತ್ತಾರೆ. ಹಗಲು ಅದೇ ಯಂತ್ರದಲ್ಲಿ ನಾನು ಟಿಪ್ಪಣಿಗಳನ್ನು ಬೆರಳಚ್ಚು ಮಾಡುತ್ತೇನೆ. ಈ ಪ್ರಬಂಧವನ್ನೂ ಅದರಲ್ಲಿಯೇ ಮಾಡಿದ್ದೇನೆ. ಹೀಗೆ ನನ್ನ ಸುಳ್ಳಿನಲ್ಲಿ ಅರ್ಧ ಭಾಗವಾದರೂ ತಡವಾಗಿ ನಿಜವಾಯಿತು. ಟಗರುಗಳ ಹಣವನ್ನು ಮಾತ್ರ ಅಮ್ಮನಿಗೆ ಇನ್ನೂ ಸಲ್ಲಿಸಬೇಕಾಗಿದೆ.

ಕಂಪ್ಯೂಟರು ಕಟ್ಟಬೇಕೆಂದಿರುವ ಕಿರಿಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಎರಡೇ. ಪವರ್ ಸಪ್ಲೈಯಲ್ಲಿ ಚೌಕಾಸಿ ಮಾಡಬೇಡಿ. ಮನೆಯಲ್ಲಿ ಹಣ ಕೇಳುವಾಗ ಇದ್ದ ಕಾರಣವನ್ನೇ ಹೇಳಿ ಕೇಳಿ.