ಡ್ಯಾಮ್ ಬೇಕಾ ಬೇಡ್ವಾ ಅಂತ ಕೇಳಿದ ಗೆಳೆಯರಿಗೆ

ಮೇಕೆದಾಟು ಬಗ್ಗೆ ನಿಮ್ಮ ನಿಲುವೇನಣ್ಣ ಅಂತ ಇನ್‌ಬಾಕ್ಸಿನಲ್ಲಿ ತುಂಬಾ ಜನ ಕೇಳ್ತಿದ್ದೀರಿ. ಒಂದೇ ಮಾತಲ್ಲಿ ಹೇಳೋಕೆ ನನ್ನಿಂದ ಆಗ್ತಿಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮವ್ವ ಬೆಂಗಳೂರಲ್ಲಿ ಇಪ್ಪತ್ತು ವರ್ಷ ಬೀದಿ ಗುಡಿಸಿದಳು. ಬೆಳಗಿನ ನಾಲ್ಕಕ್ಕೇ ಎದ್ದು ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯೋಳು. ಕಾವೇರಿ ಪೈಪು ನಮ್ಮ ಸ್ಲಮ್ಮಿನ ಪಕ್ಕದಲ್ಲೇ ಹೋಗಿತ್ತು. ನಲ್ಲಿ ಮಾತ್ರ ಎದುರಿನ ಲೇಔಟಿಗೆ. ಹಕ್ಕುಪತ್ರ ಇಲ್ಲದೆ ಕನೆಕ್ಷನ್ ಇಲ್ಲ ಅಂತ ಕಚೇರಿಯವರು ವಾಪಸ್ ಕಳಿಸಿದರು. ಊರಲ್ಲಿದ್ದಾಗ ಬಾವಿ ಮುಟ್ಟೋ ಹಾಗಿರಲಿಲ್ಲ, ಮೇಲಿಂದ ಸುರಿಯೋರು. "ಅಲ್ಲಿ ಜಾತಿ ಕೇಳಿದ್ರು, ಇಲ್ಲಿ ಕಾಗದ ಕೇಳ್ತವ್ರೆ" ಅನ್ನೋಳು ಅವ್ವ.

ಹಾಗಾಗಿ ನೀರು ಬೇಡ ಅನ್ನೋ ಬಾಯಿ ನನಗಿಲ್ಲ. 1927ರಲ್ಲಿ ಮಹಾಡಿನ ಚವದಾರ್ ಕೆರೆ ನೀರು ಮುಟ್ಟಿ ಕುಡಿದ ಬಾಬಾಸಾಹೇಬರೇ, ಮುಂದೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ದಾಮೋದರ್ ಕಣಿವೆ ಯೋಜನೆಗೆ ತಳಪಾಯ ಹಾಕಿದವರಲ್ಲಿ ಒಬ್ಬರು. ಅಣೆಕಟ್ಟು ಅಂದಕೂಡಲೇ ಮೂಗು ಮುರಿಯೋ ಜನ ನಾವಲ್ಲ.

ಆದರೆ ಈ ಲೆಕ್ಕ ನೋಡಿ. ಅರ್ಕಾವತಿ ಬಂದು ಕಾವೇರಿಗೆ ಸೇರೋ ಸಂಗಮದ ಕೆಳಗೆ ಕಟ್ಟಬೇಕು ಅಂತಿರೋ ಕಾಂಕ್ರೀಟ್ ಅಣೆಕಟ್ಟೆಯ ಸಂಗ್ರಹ 67 ಟಿಎಂಸಿ. ಬೆಂಗಳೂರಿಗೆ ಕುಡಿಯೋಕೆ 4.75 ಟಿಎಂಸಿ, ಜೊತೆಗೆ 400 ಮೆಗಾವ್ಯಾಟ್ ಕರೆಂಟು. ಮುಳುಗೋದು ಸುಮಾರು 5,000 ಹೆಕ್ಟೇರ್. ಬಹುಪಾಲು ಕಾಡು, ಅದರಲ್ಲೂ ಕಾವೇರಿ ವನ್ಯಧಾಮ. ಕೆಲವು ಹಳ್ಳಿಗಳೂ ಸೇರಿವೆ.

ಅಲ್ಲಿ ಕಾಡಂಚಿನ ಒಂದು ಹಳ್ಳೀಲಿ ಅವ್ವನ ತಮ್ಮ ಇದ್ದಾನೆ. ಕಳೆದ ಸಲ ಹೋದಾಗ ಮಾವ ಕೇಳಿದ: "ಪಹಣಿ ಇರೋರಿಗೆ ದುಡ್ಡು ಬತ್ತದೆ ಕಣಪ್ಪ. ಅವ್ರ ಹೊಲದಲ್ಲಿ ಕೂಲಿ ಮಾಡೋ ನಂಗೇನ್ ಬತ್ತದೆ?"

2013ರ ಭೂಸ್ವಾಧೀನ ಕಾಯ್ದೆ ಪ್ರಕಾರ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲೇ ದುಡಿದು ಬದುಕಿದ ಕೂಲಿಕಾರರ ಕುಟುಂಬವೂ ಬಾಧಿತ ಕುಟುಂಬವೇ ಅಂದೆ.

"ಕೂಲಿ ಮಾಡಿದ್ದಕ್ಕೆ ರಸೀತಿ ಯಾರು ಕೊಟ್ಟವ್ರೆ?" ಅಂದ.

ನನ್ನ ಹತ್ರ ಉತ್ತರ ಇರಲಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದ ಅಕ್ಕ ತಮ್ಮ. ಅಕ್ಕನಿಗೆ ಕಾಗದ ಇಲ್ಲ ಅಂತ ನೀರು ಸಿಗಲಿಲ್ಲ. ತಮ್ಮನಿಗೆ ಕಾಗದ ಇಲ್ಲ ಅಂತ ಪರಿಹಾರ ಸಿಗಲ್ಲ.

ನನ್ನ ನಿಲುವು ಇಷ್ಟೇ. ಮೊದಲು ಭೂಹೀನರ ಪಟ್ಟಿ ಗ್ರಾಮಸಭೆ ಮುಂದೆ ಬರಲಿ. ಆದಿವಾಸಿಗಳ ಅರಣ್ಯ ಹಕ್ಕಿನ ಅರ್ಜಿಗಳು ಇತ್ಯರ್ಥ ಆಗಲಿ. ಈಗ ಬರ್ತಿರೋ ಕಾವೇರಿ ನೀರಲ್ಲೇ ಸ್ಲಮ್ಮಿನ ಪ್ರತಿ ಮನೆಗೂ ನಲ್ಲಿ ಬರಲಿ. ಆಮೇಲೆ ಡ್ಯಾಮ್ ಬೇಕಾ ಬೇಡ್ವಾ ಅಂತ ನಮ್ಮನ್ನ ಕೇಳಿ.

ಈ ಭಾನುವಾರ ಮಾವನ ಊರಿಗೆ ಪಟ್ಟಿ ಬರೆಯೋಕೆ ಹೋಗ್ತಿದ್ದೀವಿ. ಬರೋರು ತಿಳಿಸಿ. ಪೆನ್ನು, ಪುಸ್ತಕ ನಾವೇ ತರ್ತೀವಿ.

ಜೈ ಭೀಮ್.