ನಿಮ್ಮಜ್ಜಿ ಈಗ ಎಲ್ಲಿದಾರೆ?

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬೇರೆಯವರ ಮನೆ ಕಾಲಿಂಗ್ ಬೆಲ್ ಒತ್ತೋದು ಎಷ್ಟು ಕಷ್ಟ ಅಂತ ಒತ್ತಿದವರಿಗೇ ಗೊತ್ತು. ಒಳಗಿನಿಂದ ಚಪ್ಪಲಿ ಸದ್ದು ಹತ್ತಿರ ಬರುತ್ತೆ. ಬಾಗಿಲು ಅರ್ಧ ತೆರೆದು ನಿದ್ದೆಗಣ್ಣಿನ ಮುಖವೊಂದು ಕಾಣುತ್ತೆ. ಆಗ ನಮಗೆ ಇರೋದು ಐದೋ ಆರೋ ಸೆಕೆಂಡು. ಇವರು ಕೊರಿಯರ್ ಹುಡುಗರೂ ಅಲ್ಲ, ವಾಟರ್ ಪ್ಯೂರಿಫೈಯರ್ ಮಾರೋರೂ ಅಲ್ಲ ಅಂತ ಅವರಿಗೆ ಗೊತ್ತಾಗೋದರೊಳಗೆ ವಿಷಯ ಹೇಳಿಬಿಡಬೇಕು. "ನಮಸ್ಕಾರ, ನಿಮಗೊಂದು ಶುಭಸಂದೇಶ ತಂದಿದ್ದೀವಿ." ಇದು ನನ್ನ ಡೈಲಾಗ್. ಎರಡನೇ ಸೆಮಿಸ್ಟರಿನಿಂದ ನಾಲ್ಕನೇ ಸೆಮಿಸ್ಟರಿನವರೆಗೆ, ಇಂಟರ್ನಲ್ಸ್ ಇಲ್ಲದ ಭಾನುವಾರಗಳಲ್ಲಿ ಇದನ್ನು ಹೇಳಿಕೊಂಡು ತಿರುಗಿದ್ದೇನೆ.

ನಮ್ಮ ಕನ್ನಡ ಸಂಘದ ಗೆಳೆಯರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಭಾನುವಾರ ಕ್ರಿಕೆಟ್‌ಗೆ ಕರೆದರೆ "ಮನೆಗೆ ಹೋಗ್ತಿದೀನಿ" ಅಂತಿದ್ದೆ. ಸುಳ್ಳೇನಲ್ಲ, ಮನೆ ಕೆ.ಆರ್. ಪುರದಲ್ಲಿ, ಸಭೆಯೂ ಅಲ್ಲೇ. ಚರ್ಚು ಅಂದರೆ ಗೋಪುರ, ಗಂಟೆ ಅಂತೆಲ್ಲ ಊಹಿಸಿಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಬಾಡಿಗೆ ಹಾಲ್, ಎಂಬತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ಸ್ವಲ್ಪ ಜಾಸ್ತಿಯೇ ಸದ್ದು ಮಾಡುವ ಸ್ಪೀಕರು. ಅಷ್ಟೇ.

ನಾವು ಹುಟ್ಟು ಕ್ರೈಸ್ತರಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪನನ್ನು ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಅಲ್ಲಿಗೆ ಕರೆದುಕೊಂಡು ಹೋದರು. ಅಪ್ಪ ಆಗ ವಿಪರೀತ ಕುಡೀತಿದ್ರು. ಸಂಬಳದ ದಿನ ಅಮ್ಮ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಅಪ್ಪ ಬಸ್ ಇಳಿಯೋದನ್ನೇ ಕಾಯ್ತಾ ನಿಲ್ಲಬೇಕಿತ್ತು. ಸಭೆಗೆ ಹೋಗೋಕೆ ಶುರುಮಾಡಿ ನಾಲ್ಕೈದು ತಿಂಗಳಲ್ಲಿ ಕುಡಿತ ನಿಂತಿತು. ಪವಾಡ ಅಂತೀರೋ, ಜೊತೆಗೆ ಕೂರೋಕೆ ಕುಡಿಯದ ನಾಲ್ಕು ಜನ ಸಿಕ್ಕಿದ್ದಕ್ಕೆ ಅಂತೀರೋ, ನಿಮ್ಮಿಷ್ಟ. ಮನೆಗೆ ಅಕ್ಕಿ ಮೂಟೆ ಬರೋಕೆ ಶುರುವಾಯ್ತು, ನನ್ನ ಪಿಯು ಫೀಸು ಕಟ್ಟಿದ್ರು. ನನಗೆ ದೇವರು ಇದ್ದಾನೆ ಅನ್ನೋದಕ್ಕೆ ಬೇರೆ ಪ್ರೂಫ್ ಬೇಕಿರಲಿಲ್ಲ. ಹಾಗಾಗಿ ಸೇವೆಗೆ ಬರ್ತೀಯಾ ಅಂತ ಕೇಳಿದಾಗ ಕೈಯೆತ್ತಿದೆ.

ಇಬ್ಬಿಬ್ಬರಾಗಿ ಹೋಗಬೇಕು. ನನ್ನ ಜೊತೆಗಿದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರು, ನಾವು ಬ್ರದರ್ ಅಂತೀವಿ. ಅವರ ರೂಲ್ಸ್ ಬಹಳ ಕಟ್ಟುನಿಟ್ಟು. ದುಡ್ಡಿನ ಮಾತು ಬೇಡ, ಕೆಲಸ ಕೊಡಿಸ್ತೀವಿ ಅನ್ನಬೇಡಿ, ಕಾಯಿಲೆ ವಾಸಿಯಾಗುತ್ತೆ ಅಂತ ಮಾತು ಕೊಡಬೇಡಿ, ಮನೆಯಲ್ಲಿ ಮಕ್ಕಳು ಮಾತ್ರ ಇದ್ದರೆ ಮೆಟ್ಟಿಲೇ ಹತ್ತಬೇಡಿ, ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಬನ್ನಿ. ಇದರಲ್ಲಿ ಸಂಸ್ಕಾರ ಅರ್ಧ, ಭಯ ಅರ್ಧ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಆ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2022ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಕಾಯ್ದೆ ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ ಜೈಲು ಶಿಕ್ಷೆ ಇಟ್ಟಿತು. ಒಂದು ಸಲ ಒಬ್ಬರು ಮೊಬೈಲ್ ಹಿಡಿದು ನಮ್ಮ ವಿಡಿಯೋ ಮಾಡುತ್ತಾ ಎರಡು ಕ್ರಾಸ್ ಹಿಂದೆ ಬಂದರು. ಆ ವಾರವೆಲ್ಲ ವಾಟ್ಸಾಪ್ ತೆರೆಯೋಕೆ ಹೆದರಿಕೆ.

ಬೈಯೋರ ಮಾತು ಮಾತ್ರ ಮನಸ್ಸಿಗೆ ಅಷ್ಟು ತಾಗೋದಿಲ್ಲ. ಬೈಸಿಕೊಂಡರೆ ಪರಲೋಕದಲ್ಲಿ ಬೋನಸ್ ಮಾರ್ಕ್ಸ್ ಅಂತ ನಮಗೆ ಹೇಳಿಕೊಟ್ಟಿರ್ತಾರೆ. ಕಷ್ಟ ಆಗೋದು ಒಳಗೆ ಕರೆದು ಕೂರಿಸೋರಿಂದ.

ಶಿವಾಜಿನಗರದಲ್ಲಿ ಒಬ್ಬ ಸಾಹೇಬರು ಬಾಗಿಲಲ್ಲೇ ನಗುತ್ತಾ ನಿಂತು ಎಲ್ಲ ಕೇಳಿಸಿಕೊಂಡರು. ತಾವೂ ಜಮಾತಿನ ಜೊತೆ ಮನೆ ಮನೆ ತಿರುಗಿದವರಂತೆ. "ಆದರೆ ನಾವು ಹೋಗೋದು ನಮ್ಮವರ ಮನೆಗೇ, ನಮಾಜು ಬಿಟ್ಟಿರೋರನ್ನ ಕರೆಯೋಕೆ. ನಿಮ್ಮವರೆಲ್ಲ ಸರಿಯಾಗಿಬಿಟ್ಟಿದಾರಾ?" ಅಂದರು. ನಮ್ಮ ಕರಪತ್ರ ತಗೊಂಡು, ಒಳಗೆ ಹೋಗಿ ತಮ್ಮದೊಂದು ಉರ್ದು ಪುಸ್ತಿಕೆ ತಂದುಕೊಟ್ಟರು. ನನಗೆ ಉರ್ದು ಬರಲ್ಲ, ಅವರಿಗೆ ಕನ್ನಡ ಓದೋಕೆ ಬರಲ್ಲ. ಇಬ್ಬರೂ ಗಂಭೀರವಾಗಿ ಥ್ಯಾಂಕ್ಸ್ ಹೇಳಿಕೊಂಡೆವು.

ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದಿಂದ ಸ್ವಲ್ಪ ಒಳಗೆ, ಹೂ ಕಟ್ಟುತ್ತಾ ಕೂತಿದ್ದ ಒಬ್ಬ ಅಜ್ಜಿಗೆ ಯೇಸುವಿನ ಬಗ್ಗೆ ಹೇಳೋಕೆ ಹೋದೆ. ಆಕೆ ತಲೆಯೆತ್ತದೆ "ಇದಾನಲ್ಲಪ್ಪ" ಅಂತ ಗೋಡೆ ತೋರಿಸಿದರು. ಮುರುಗ, ಯಲ್ಲಮ್ಮ, ನಡುವೆ ಬಾಲಯೇಸು. ಗುರುವಾರ ವಿವೇಕನಗರದ ಚರ್ಚಿಗೆ ಹೋಗ್ತಾರೆ. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಕಾವಿ ಸೀರೆ ಉಟ್ಟು ಶಿವಾಜಿನಗರದ ಬೆಸಿಲಿಕಾಗೆ. "ನನ್ನ ಮಗಳಿಗೆ ಮಗು ಕೊಟ್ಟೋಳು ಅವಳೇ." ನಾವು ತಂದಿದ್ದ ಶುಭಸಂದೇಶ ನಮಗಿಂತ ಎಷ್ಟೋ ವರ್ಷ ಮುಂಚೆ ಆ ಮನೆ ತಲುಪಿತ್ತು. ರಸ್ತೆಗೆ ಬಂದ ಮೇಲೆ ಬ್ರದರ್, "ಹತ್ತರ ಜೊತೆ ಹನ್ನೊಂದು ಮಾಡಿಕೊಂಡಿದಾರೆ, ಅದೇ ಪ್ರಾಬ್ಲಮ್" ಅಂದರು. ನಾನೂ ಹೂಂ ಅಂದೆ. ಆದರೆ ಆ ಅಜ್ಜಿಗೆ ಯಾವ ಪ್ರಾಬ್ಲಮ್ಮೂ ಇದ್ದ ಹಾಗೆ ಕಾಣಲಿಲ್ಲ.

ಈಗ ಜೋಗುಪಾಳ್ಯದ ಮನೆ. ಕಳೆದ ವರ್ಷ ಆಗಸ್ಟಿನ ಒಂದು ಭಾನುವಾರ. ಸಣ್ಣ ಹಳೇ ಮನೆ, ಮುಂದೆ ತುಳಸಿ ಇಲ್ಲ, ಹೊಸಿಲಿಗೆ ರಂಗೋಲಿ ಇದೆ. ಬಾಗಿಲು ತೆಗೆದವರು ಎಪ್ಪತ್ತು ದಾಟಿದವರು. ದೂರವಾಣಿ ನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು ಅಂತ ಆಮೇಲೆ ಗೊತ್ತಾಯ್ತು. ಒಳಗೆ ಕರೆದರು. ಅವರ ಮನೆಯವರು ನಿಂಬೆಹಣ್ಣಿನ ಪಾನಕ ಕೊಟ್ಟರು. ನನ್ನ ಡೈಲಾಗನ್ನು ಪೂರ್ತಿ ಹೇಳೋಕೆ ಬಿಟ್ಟರು. ಅದೇ ಅಪರೂಪ.

ಆಮೇಲೆ "ಯಾವೂರಪ್ಪ ನಿಂದು?" ಅಂದರು.

"ಇಲ್ಲೇ ಕೆ.ಆರ್. ಪುರ ಸಾರ್. ಮೊದಲು ಮಾಲೂರು ಕಡೆ, ನಮ್ಮಜ್ಜಿ ಊರು."

"ಹೌದಾ! ನಾವೂ ಆ ಕಡೆಯೋರೇ. ನಿಮ್ಮ ಕಡೆ ಸಪ್ಪಲಮ್ಮನ ಜಾತ್ರೆ ಮಾಡ್ತಿದ್ರಾ?"

ಮಾಡ್ತಿದ್ರು. ನನ್ನನ್ನು ಬೆಳೆಸಿದ್ದು ಅಜ್ಜಿ. ಅಪ್ಪ, ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಐದನೇ ಕ್ಲಾಸಿನವರೆಗೆ ನಾನು ಅವಳ ಹತ್ತಿರ. ಜಾತ್ರೆಯ ದಿನ ತಂಬಿಟ್ಟಿನ ದೀಪ ತಲೆ ಮೇಲೆ ಹೊತ್ತು ಹೊರಡುತ್ತಿದ್ದಳು. ನಾನು ಸೆರಗು ಹಿಡಿದು ಹಿಂದೆ. ದೀಪ ಆರಿದ ಮೇಲೆ ಆ ತಂಬಿಟ್ಟು ನನಗೇ. ತುಪ್ಪ ಹೀರಿಕೊಂಡ ಭಾಗ ಎಲ್ಲಕ್ಕಿಂತ ರುಚಿ. ಇದನ್ನೆಲ್ಲ ಅವರ ಮುಂದೆ ಹೇಳಿಕೊಂಡೆ ಕೂಡ. ಬ್ರದರ್ ಗಡಿಯಾರ ನೋಡಿಕೊಂಡರು.

"ಅಜ್ಜಿ ಇದಾರಾ?"

"ಇಲ್ಲ ಸಾರ್. ನಾನು ಎಂಟನೇ ಕ್ಲಾಸಲ್ಲಿದ್ದಾಗ ತೀರಿಕೊಂಡ್ರು."

"ಅಂದ್ರೆ ನೀವು ಚರ್ಚಿಗೆ ಸೇರೋಕೆ ಮುಂಚೆ."

"ಹೌದು ಸಾರ್."

ಅವರು ಟೀಪಾಯಿ ಮೇಲಿದ್ದ ನಮ್ಮ ಕರಪತ್ರ ತಗೊಂಡರು. ಅದರ ಮೇಲೆ ಎರಡು ದಾರಿಗಳ ಚಿತ್ರ ಇತ್ತು. ಒಂದು ಮೇಲೆ ಬೆಳಕಿಗೆ ಹೋಗುತ್ತೆ, ಇನ್ನೊಂದು ಕೆಳಗೆ ಬೆಂಕಿಗೆ. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಲೆಕ್ಕ ಕೇಳೋ ಮೇಷ್ಟರ ಹಾಗೆ ಕೇಳಿದರು. "ಮತ್ತೆ ಇದರ ಪ್ರಕಾರ ನಿಮ್ಮಜ್ಜಿ ಈಗ ಎಲ್ಲಿದಾರೆ?"

ಬ್ರದರ್ ಮುಂದೆ ಬಂದರು. ತೀರ್ಪು ಕೊಡೋದು ದೇವರಿಗೆ ಬಿಟ್ಟದ್ದು ಸಾರ್, ಆದರೆ ವಾಕ್ಯ ಸ್ಪಷ್ಟವಾಗಿದೆ, ಅಂತ ಶುರುಮಾಡಿದರು. "ನಿಮ್ಮನ್ನ ಕೇಳಿಲ್ಲ ಸ್ವಾಮಿ, ಈ ಹುಡುಗನ್ನ ಕೇಳ್ದೆ" ಅಂದರು ಅವರು.

ನನ್ನ ಬಾಯಿಗೆ ಉತ್ತರ ಬಂದಿತ್ತು. ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಉತ್ತರ. ಅದನ್ನೇ ಬೇರೆಯವರ ಸತ್ತ ತಂದೆ ತಾಯಿಯರ ಬಗ್ಗೆ, ಬೇರೆಯವರ ಮನೆಯಲ್ಲಿ, ಹೆಚ್ಚುಕಮ್ಮಿ ಬಾಯಿಬಿಟ್ಟೇ ಹೇಳಿದ್ದೆ. ಎರಡು ವರ್ಷ ಸರಿಯಾಗಿ ಓಡಿದ ಪ್ರೋಗ್ರಾಮು ಒಂದೇ ಒಂದು ಇನ್‌ಪುಟ್‌ಗೆ ಕ್ರ್ಯಾಶ್ ಆದ ಹಾಗೆ. ಇನ್‌ಪುಟ್ ಏನೂ ವಿಶೇಷದ್ದಲ್ಲ, ತಂಬಿಟ್ಟು ಹೊತ್ತ ಒಬ್ಬ ಮುದುಕಿ. ನಾನು ಅದನ್ನು ಒಂದು ಸಲವೂ ಟೆಸ್ಟ್ ಮಾಡಿರಲಿಲ್ಲ ಅಷ್ಟೇ.

"ಗೊತ್ತಿಲ್ಲ ಸಾರ್" ಅಂದೆ.

"ಗೊತ್ತಿಲ್ಲ ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲಪ್ಪ" ಅಂತ ಕರಪತ್ರವನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಹೊರಡುವಾಗ, "ಪಾನಕ ಪೂರ್ತಿ ಕುಡಿ" ಅಂದರು.

ಹಲಸೂರು ಮೆಟ್ರೋ ಸ್ಟೇಷನ್ನಿನವರೆಗೆ ಬ್ರದರ್ ಮಾತಾಡುತ್ತಲೇ ಇದ್ದರು, ಇದೆಲ್ಲ ಶತ್ರುವಿನ ತಂತ್ರ ಅಂತ. ಮುಂದಿನ ವಾರ ಪಾಸ್ಟರ್ ಹತ್ತಿರ ಕೇಳಿದೆ. ಸತ್ತವರ ಚಿಂತೆ ಬಿಡು, ಬದುಕಿರೋರ ಬಗ್ಗೆ ಯೋಚಿಸು ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದರು. ಆದರೆ ಅದು ಉತ್ತರ ಅಲ್ಲ, ನೆಕ್ಸ್ಟ್ ಕ್ವೆಶ್ಚನ್ ಅಂದ ಹಾಗೆ.

ಹಾಸ್ಟೆಲಿನಲ್ಲಿ ಮಂಗಳೂರಿನ ಕ್ಯಾಥೊಲಿಕ್ ಗೆಳೆಯನಿಗೆ ಹೇಳಿಕೊಂಡೆ. ಅವನು ನಗುತ್ತಾ "ನಮ್ಮ ಕಡೆ ನಿಮ್ಮಜ್ಜಿಗೆ ಸೀಟಿದೆ ಮಾರಾಯ" ಅಂದ. ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ, ತಮ್ಮದೇನೂ ತಪ್ಪಿಲ್ಲದೆ ಕ್ರಿಸ್ತನ ವಿಷಯ ತಿಳಿಯದೇ ಹೋದವರೂ ಮನಸ್ಸಾಕ್ಷಿಯಂತೆ ಬಾಳಿದರೆ ರಕ್ಷಣೆ ಪಡೆಯಬಹುದು ಅಂತ ಬರೆದಿಟ್ಟಿದೆಯಂತೆ. ಹುಡುಕಿ ನೋಡಿದೆ, ನಿಜ. ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ಗೋವಾ ಟ್ರಿಪ್ಪಿನಲ್ಲಿ ಹಳೇ ಗೋವಾದ ಚರ್ಚಿನಲ್ಲಿ ಫ್ರಾನ್ಸಿಸ್ ಝೇವಿಯರನ ದೇಹ ಇಟ್ಟಿರೋ ಪೆಟ್ಟಿಗೆ ನೋಡಿದ್ದೆವಲ್ಲ, ಅವನೇ. ಜಪಾನಿಗೆ ಹೋಗಿ ಬಂದು 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಇದೇ ಪ್ರಶ್ನೆ ಇದೆ. ಹೊಸದಾಗಿ ಕ್ರೈಸ್ತರಾದ ಜಪಾನಿನವರು ತಮ್ಮ ಸತ್ತ ಹಿರಿಯರನ್ನು ನೆನೆದು ಅಳುತ್ತಿದ್ದರಂತೆ, ಅವರನ್ನು ಬಿಡಿಸೋಕೆ ದಾರಿಯೇ ಇಲ್ವಾ ಅಂತ ಕೇಳುತ್ತಿದ್ದರಂತೆ. ಇಲ್ಲ ಅಂತ ಅವನು ಹೇಳಿದ, ಅವರ ಅಳು ನೋಡಿ ಅವನಿಗೂ ಸಂಕಟವಾಯ್ತು. ಜೋಗುಪಾಳ್ಯದಲ್ಲಿ ನನ್ನ ಮುಂದೆ ಬಂದಿದ್ದು ಹೊಸ ಪ್ರಶ್ನೆಯೇನಲ್ಲ, ಐದು ಶತಮಾನದಿಂದ ಪೆಂಡಿಂಗ್ ಇರೋದು ಅಂತ ಗೊತ್ತಾಗಿ ಒಂದು ಥರ ಸಮಾಧಾನ ಆಯ್ತು.

ಆ ನವೆಂಬರಿನಲ್ಲಿ ರಾಜ್ಯೋತ್ಸವದ ಕ್ವಿಜ್‌ಗೆ ಪ್ರಶ್ನೆ ತಯಾರಿಸೋ ಕೆಲಸ ನನಗೇ ಬಿತ್ತು. ಕಿಟೆಲ್ ಇಲ್ಲದ ಕನ್ನಡ ಕ್ವಿಜ್ ಎಲ್ಲಿದೆ? 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಸುವಾರ್ತೆ ಸಾರೋಕೆ ಬಂದವರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಇನ್ನು ರೈಸ್ ಮನೆತನ. ಅಪ್ಪ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನವರು, ಬೆಂಗಳೂರಿನಲ್ಲಿ ಸುಮಾರು 50 ವರ್ಷ ಸೇವೆ ಮಾಡಿದವರು. ಅವೆನ್ಯೂ ರಸ್ತೆಯ ಚರ್ಚಿಗೆ ಅವರದೇ ಹೆಸರು. ಮಗ ಲೂಯಿಸ್ ರೈಸ್ 1837ರಲ್ಲಿ ಇದೇ ಊರಲ್ಲಿ ಹುಟ್ಟಿ, ಸಾವಿರಾರು ಶಾಸನ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ತಂದರು. ಇನ್ನೊಬ್ಬ ಮಗ ಇ.ಪಿ. ರೈಸ್ ಅಪ್ಪನ ಹಾಗೇ ಮಿಷನರಿ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಇವರ್ಯಾರೂ ನಂಬಿಕೆ ಬಿಟ್ಟವರಲ್ಲ. ಆದರೆ ನಿಘಂಟು ಮಾಡಬೇಕಾದರೆ ಎದುರಿಗಿರೋರು ಮಾತಾಡೋದನ್ನು ಬಾಯಿ ಮುಚ್ಚಿಕೊಂಡು ಕೇಳಬೇಕು. ಎರಡು ವರ್ಷದಲ್ಲಿ ನಾನು ಎಷ್ಟು ಬಾಗಿಲಲ್ಲಿ ಕೇಳಿದ್ದೆ? ಅಜ್ಜಿ ಗೋಡೆ ತೋರಿಸಿದಾಗಲೂ ಅವಳ ಮಗಳ ಕಥೆ ಏನು ಅಂತ ನಾನು ಕೇಳಲಿಲ್ಲ.

ಮನೆಯಲ್ಲಿ ಹೇಳೋಕೆ ಮಾತ್ರ ಧೈರ್ಯ ಇರಲಿಲ್ಲ. ಸಭೆಯ ಬಗ್ಗೆ ಒಂದು ಅನುಮಾನ ಎತ್ತಿದರೆ ಅಪ್ಪನ ಕೈಗೆ ಮತ್ತೆ ಬಾಟಲಿ ಕೊಟ್ಟ ಹಾಗೆ ಆಗುತ್ತೇನೋ ಅನ್ನೋ ಹೆದರಿಕೆ. ಒಂದು ಇಟ್ಟಿಗೆ ತೆಗೆದರೆ ಯಾವ ಗೋಡೆ ಬೀಳುತ್ತೋ ಯಾರಿಗೆ ಗೊತ್ತು. ಡಿಸೆಂಬರ್ ರಜೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು, ಅಪ್ಪ ನಾನು ಇಬ್ಬರೂ ಟೆರೇಸಿನ ಮೇಲೆ ಕೂತಿದ್ದೆವು. ಕತ್ತಲಲ್ಲಿ ಮುಖ ಕಾಣಲ್ಲ ಅನ್ನೋ ಧೈರ್ಯಕ್ಕೆ ಕೇಳಿಬಿಟ್ಟೆ. "ಅಪ್ಪಾ, ಅಜ್ಜಿ ಎಲ್ಲಿದಾರೆ ಅಂತ ಯಾವತ್ತಾದರೂ ಯೋಚನೆ ಮಾಡಿದೀಯಾ?"

ಬಹಳ ಹೊತ್ತು ಮಾತಿಲ್ಲ. ಕೆಳಗೆ ಯಾರದೋ ಮನೆಯಲ್ಲಿ ಯುಪಿಎಸ್ ಕೀಂಯ್‌ಗುಡ್ತಾ ಇತ್ತು.

"ದಿನಾ ರಾತ್ರಿ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಅಂದರು ಅಪ್ಪ. "ಸತ್ತೋರಿಗೆ ಮಾಡಬಾರದು ಅಂತಾರೆ ನಮ್ಮ ಸಭೇಲಿ. ನೀನು ಪಾಸ್ಟರ್ ಹತ್ರ ಹೇಳಬೇಡ."

ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಈಗಲೂ ಹೋಗ್ತೀನಿ, ಕುರ್ಚಿ ಜೋಡಿಸ್ತೀನಿ, ಕೀಬೋರ್ಡಿನವನು ಬರದಿದ್ದರೆ ನಾನೇ ನುಡಿಸ್ತೀನಿ. ಮಧ್ಯಾಹ್ನದ ಸೇವೆಗೆ ಬರಲ್ಲ ಅಂತ ಬ್ರದರ್‌ಗೆ ಹೇಳಿದೀನಿ. ಅವರಿಗೆ ಬೇಜಾರಿದೆ. ಉಳಿದ ಕರಪತ್ರದ ಕಟ್ಟು ವಾಪಸ್ ಕೊಡೋಕೆ ಹೋದರೆ, ಇಟ್ಕೋ, ಮನಸ್ಸು ಬದಲಾದರೆ ಬೇಕಾಗುತ್ತೆ ಅಂದರು. ಅದು ನನ್ನ ಹಾಸ್ಟೆಲ್ ಕಪಾಟಿನಲ್ಲಿ ಎಂ-3 ನೋಟ್ಸಿನ ಕೆಳಗಿದೆ.