ಸಂತೆಯಲ್ಲಿ ಬೆಲೆಯಿಲ್ಲದ ಸಂಖ್ಯೆ

ಹನ್ನೆರಡು ಜೋಳದ ಚೀಲಗಳನ್ನು ಮೂರು ಸಾಲಾಗಿಯೋ ನಾಲ್ಕು ಸಾಲಾಗಿಯೋ ಸಮನಾಗಿ ಜೋಡಿಸಬಹುದು. ಹದಿಮೂರನ್ನು ಜೋಡಿಸಿ ನೋಡಿ. ಒಂದೇ ಉದ್ದ ಸಾಲಿನ ಹೊರತು ಬೇರೆ ದಾರಿಯಿಲ್ಲ. ಒಂದರಿಂದಲೂ ತನ್ನಿಂದಲೂ ಮಾತ್ರ ಭಾಗವಾಗುವ ಇಂತಹ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು. ಇವುಗಳಿಗೆ ಕೊನೆಯೇ ಇಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದಾನೆ.

2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬವರು ಅಂದಿನವರೆಗೆ ತಿಳಿದಿದ್ದ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ ದೊರೆಯುತ್ತದೆ. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೊಂದು ಅಂಕಿಯಂತೆ ಹಗಲಿರುಳು ಓದಿದರೂ ಸುಮಾರು 475 ದಿನಗಳು ಬೇಕು.

ನಮ್ಮ ಸಂತೆಕಲ್ಲೂರಿನಲ್ಲಿ ನಾನು ಇದನ್ನು ಹೇಳಿದಾಗ ಹಿರಿಯರೊಬ್ಬರು, "ಇದರಿಂದ ಏನ್ ಉಪಯೋಗ ಐತ್ರಿ ಮಾಸ್ತರ?" ಎಂದು ಕೇಳಿದರು. ಅವರ ಮೊಮ್ಮಗಳು ಗಣಿತವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಳು. ಪ್ರಶ್ನೆಯ ಹಿಂದೆ ಇದ್ದುದು ಆ ಚಿಂತೆ.

ಉಪಯೋಗವಿಲ್ಲದೆ ಇಲ್ಲ. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸುವುದು ಗಣಕಯಂತ್ರಕ್ಕೆ ಸುಲಭ; ಗುಣಲಬ್ಧದಿಂದ ಅವೆರಡನ್ನು ಮರಳಿ ಬಿಡಿಸುವುದು ಅತಿ ಕಷ್ಟ. ಬ್ಯಾಂಕು ವ್ಯವಹಾರದ ಗುಟ್ಟನ್ನು ಕಾಯುವ ಗೂಢಲಿಪಿಗಳಲ್ಲಿ ಕೆಲವು ಈ ಕಷ್ಟವನ್ನೇ ನಂಬಿವೆ. ಆದರೆ ನಾಲ್ಕು ಕೋಟಿ ಅಂಕಿಗಳ ಸಂಖ್ಯೆ ಅಲ್ಲಿಗೂ ಬೇಕಿಲ್ಲ. ಹಾಗಾದರೆ ಅದನ್ನು ಹುಡುಕುವುದೇಕೆ?

ಈ ಬಗೆಯ ಸಂಖ್ಯೆಗಳಿಗೆ ಫ್ರಾನ್ಸಿನ ಸಂನ್ಯಾಸಿ ಮಾರಿನ್ ಮೆರ್ಸೆನ್ ಅವರ ಹೆಸರೇ ಉಳಿದಿದೆ. 1644ರ ಅವರ ಪಟ್ಟಿಯಲ್ಲಿ 67 ಎರಡುಗಳಿಂದಾದ ಸಂಖ್ಯೆಯೂ ಸೇರಿತ್ತು. ಅದು ಅವಿಭಾಜ್ಯವಲ್ಲವೆಂದು 1876ರಲ್ಲಿ ಲ್ಯೂಕಾಸ್ ತೋರಿಸಿದರೂ ಯಾವುದರಿಂದ ಭಾಗವಾಗುತ್ತದೆಂಬುದು ತಿಳಿದಿರಲಿಲ್ಲ. 1903ರಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಉತ್ತರವಿತ್ತರು: 193707721 ಮತ್ತು 761838257287. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದರೆಂಬ ಪ್ರತೀತಿಯಿದೆ. ದೊಡ್ಡವರ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕೆಂಬ ಪಾಠವನ್ನು ಗಣಿತವು ಯಾರನ್ನೂ ನೋಯಿಸದೆ ಕಲಿಸುತ್ತದೆ.

ನಮ್ಮ ನಾಡಿನಲ್ಲೂ ಇಂಥವರಿದ್ದರು. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಕೆ. ರಾಮಚಂದ್ರ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ದೊಡ್ಡ ಅವಿಭಾಜ್ಯ ಅಪವರ್ತನಗಳುಳ್ಳ ಸಂಖ್ಯೆಗಳ ಕುರಿತು ಸಂಶೋಧನೆ ನಡೆಸಿದರು; ಶಿಷ್ಯರನ್ನೂ ಬೆಳೆಸಿದರು.

ಸಂತೆಯಲ್ಲಿ ಬೆಲೆ ಕಟ್ಟಲಾಗದ ವಸ್ತುಗಳು ನಮ್ಮ ಮನೆಗಳಲ್ಲೂ ಇವೆಯಲ್ಲವೇ? ಮಗುವಿನ ಕುತೂಹಲ ಅವುಗಳಲ್ಲೊಂದು. ನಿಮ್ಮ ಮನೆಯ ಮಗು ಫಲವನ್ನೆಣಿಸದೆ ಒಂದು ಲೆಕ್ಕದ ಮುಂದೆ ಗಂಟೆಗಟ್ಟಲೆ ಕುಳಿತರೆ, ದಯವಿಟ್ಟು ದೀಪ ಆರಿಸಬೇಡಿ.